ಹೃದಯವು ಹೊರದೂಡುವ ರಕ್ತದ ಅಳತೆ

ಹೃದಯವು ನಿಮಿಷಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತದೆಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಸೇರಿದುದಾದರೂ ಅದಕ್ಕೊಂದು ಇತಿಹಾಸವುಂಟು. ವಿಲಿಯಂ ಹಾರ್ವೆಯು ೧೬೨೮ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಒಂದು ಬಡಿತದ ರಕ್ತವನ್ನು ಬಡಿತಗಳ ಸಂಖ್ಯೆಯಿಂದ ಗುಣಿಸಿ, ಅರ್ಧ ಗಂಟೆಯಲ್ಲಿ ಹೊರಬೀಳುವ ರಕ್ತವು ದೇಹದಲ್ಲಿರುವುದಕ್ಕಿಂತ ಅಧಿಕವಾಗುವುದೆಂದು ತೋರಿಸಿದನು. ಆದುದರಿಂದ ಅದೇ ರಕ್ತವು ಹೃದಯಕ್ಕೆ ಮರಳುತ್ತಿರಲೇಬೇಕೆಂಬುದು ಅವನ ವಾದ. ಆ ಗುಣಾಕಾರವು ಇಂದಿಗೂ ಉಳಿದಿದೆ. ಸಾಧನ ಮಾತ್ರ ಹೊಸದು. ೧೯೫೩ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಎಂಬವರು ಶ್ರವಣಾತೀತ ಧ್ವನಿಯಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಇದೇ ಈಗಿನ ಎಕೋ ಪರೀಕ್ಷೆಯ ಮೂಲ.

ಶಹಾಪುರ, ಸುರಪುರಗಳ ರೈತರಿಗೆ ನಾರಾಯಣಪುರ ಎಡದಂಡೆ ಕಾಲುವೆ ಪರಿಚಿತವಾದುದು. ಅಲ್ಲಿ ಹರಿಯುವ ನೀರನ್ನು ತಿಳಿಯಲು ಕಾಲುವೆಯ ಅಡ್ಡಕೊಯ್ತದ ವಿಸ್ತೀರ್ಣವೂ ನೀರಿನ ವೇಗವೂ ಬೇಕು. ಹೃದಯದ ಲೆಕ್ಕವೂ ಹೀಗೆಯೇ. ಎಡ ಹೃತ್ಕುಕ್ಷಿಯಿಂದ ರಕ್ತವು ಮಹಾಪಧಮನಿಗೆ ಹೊರಡುವ ದ್ವಾರದ ವ್ಯಾಸವನ್ನು ಚಿತ್ರದಲ್ಲಿ ಅಳೆಯುತ್ತಾರೆ. ಚಲಿಸುವ ರಕ್ತಕಣಗಳಿಂದ ಮರಳುವ ಧ್ವನಿಯ ಆವರ್ತನವು ಬದಲಾಗುತ್ತದೆ; ೧೮೪೨ರಲ್ಲಿ ಡಾಪ್ಲರನು ವಿವರಿಸಿದ ಈ ತತ್ತ್ವದಿಂದ ವೇಗವನ್ನೂ, ಒಂದು ಬಡಿತದಲ್ಲಿ ರಕ್ತವು ಮುಂದೆ ಸಾಗುವ ದೂರವನ್ನೂ ಪಡೆಯುತ್ತಾರೆ.

ಉದಾಹರಣೆಗೆ, ವ್ಯಾಸವು ೨ ಸೆಂಟಿಮೀಟರು ಇದ್ದರೆ ವಿಸ್ತೀರ್ಣವು ೩.೧೪ ಚದರ ಸೆಂಟಿಮೀಟರು. ರಕ್ತವು ಸಾಗಿದ ದೂರ ೨೦ ಸೆಂಟಿಮೀಟರಾದರೆ ಒಂದು ಬಡಿತಕ್ಕೆ ಸುಮಾರು ೬೩ ಮಿಲಿಲೀಟರು. ನಿಮಿಷಕ್ಕೆ ೭೨ ಬಡಿತಗಳಾದರೆ ಸುಮಾರು ೪.೫ ಲೀಟರು.

ಇಲ್ಲಿ ಎಚ್ಚರ ಅವಶ್ಯಕ. ಅದೇ ವ್ಯಾಸವನ್ನು ೧.೮ ಎಂದು ಓದಿದರೆ ಫಲವು ಸುಮಾರು ೩.೭ ಲೀಟರಿಗೆ ಇಳಿಯುತ್ತದೆ. ವ್ಯಾಸವು ವರ್ಗಗೊಳ್ಳುವುದರಿಂದ ೨ ಮಿಲಿಮೀಟರಿನ ತಪ್ಪು ಸುಮಾರು ಐದನೆಯ ಒಂದು ಪಾಲನ್ನು ನುಂಗುತ್ತದೆ. ಧ್ವನಿಯ ಕಿರಣವು ರಕ್ತದ ದಿಕ್ಕಿನಿಂದ ಓರೆಯಾದರೆ ವೇಗವೂ ಕಡಮೆಯಾಗಿ ಕಾಣುತ್ತದೆ.

ಕಡೇಚೂರಿನ ರೋಗಿಯೊಬ್ಬನು ಮೊದಲು ಯಾದಗಿರಿಯಲ್ಲಿಯೂ ಬಳಿಕ ಕಲಬುರಗಿಯಲ್ಲಿಯೂ ಪರೀಕ್ಷೆ ಮಾಡಿಸಿಕೊಂಡನೆಂದು ಭಾವಿಸೋಣ. ಎರಡನೆಯ ಅಂಕಿ ಕಡಮೆಯಿದ್ದಲ್ಲಿ, ದುರ್ಬಲವಾದುದು ಹೃದಯವೋ, ಬದಲಾದುದು ಅಳತೆಯೋ? ವಯಸ್ಕರಲ್ಲಿ ದ್ವಾರದ ವ್ಯಾಸವು ಕೆಲವು ದಿನಗಳಲ್ಲಿ ಹೆಚ್ಚು ಬದಲಾಗದು. ಆದಕಾರಣ ಮೊದಲಿನ ವ್ಯಾಸವನ್ನೇ ಇರಿಸಿಕೊಂಡು, ಬಡಿತಕ್ಕೆ ರಕ್ತ ಸಾಗಿದ ದೂರವನ್ನು ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ. ಹಳೆಯ ವರದಿಯನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸುವುದು ಈ ಕಾರಣದಿಂದಲೇ ಅಗತ್ಯ. ದಾಖಲೆಯೊಂದನ್ನು ಮತ್ತೊಂದರೊಡನೆ ಹೋಲಿಸದೆ ನಿರ್ಣಯಕ್ಕೆ ಬರಬಾರದೆಂಬ ಇತಿಹಾಸಕಾರರ ನಿಯಮವು ಇಲ್ಲಿಯೂ ಸಲ್ಲುತ್ತದೆಂದು ನಾವು ಭಾವಿಸುತ್ತೇವೆ.