ಬಬಿಯಾ ಕೈಯನ್ನೇಕೆ ಕಚ್ಚಲಿಲ್ಲ?

ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರ ರಾತ್ರಿ ಸತ್ತಾಗ ಪುತ್ತಿಗೆ, ಕುಂಬಳೆ ಸೀಮೆಯ ಜನ ಸಾಲುಗಟ್ಟಿ ಬಂದು ಅದರ ಕೊನೆಯ ದರ್ಶನ ಪಡೆದರು. ದೇವಸ್ಥಾನದವರ ಲೆಕ್ಕದಲ್ಲಿ ಅದಕ್ಕೆ ಎಪ್ಪತ್ತು ದಾಟಿತ್ತು. ಪತ್ರಿಕೆಗಳೆಲ್ಲ ಅದನ್ನು ‘ಸಸ್ಯಾಹಾರಿ ಮೊಸಳೆ’ ಎಂದೇ ಬರೆದವು. ನನಗೆ ಮಾತ್ರ ಅದರ ಆಹಾರಕ್ಕಿಂತ ಅದರ ನಡವಳಿಕೆ ದೊಡ್ಡ ಬೆರಗು. ಪೂಜೆಯಾದ ಮೇಲೆ ಅರ್ಚಕರು ನೈವೇದ್ಯದ ಅನ್ನದೊಂದಿಗೆ ನೀರಿನ ಅಂಚಿಗೆ ಇಳಿದು ಕರೆಯುತ್ತಿದ್ದರು. ಮೊಸಳೆ ಬಂದು ಬಾಯಿ ತೆರೆಯುತ್ತಿತ್ತು, ಅವರು ಅನ್ನದ ಉಂಡೆಯನ್ನು ಕೈಯಾರೆ ಬಾಯಿಗೆ ಹಾಕುತ್ತಿದ್ದರು. ದಿನಕ್ಕೆರಡು ಸಲ, ವರ್ಷಗಟ್ಟಲೆ ಹೀಗೆ ನಡೆದರೂ ಆ ದವಡೆ ಒಮ್ಮೆಯೂ ಯಾರ ಕೈಯ ಮೇಲೂ ಮುಚ್ಚಲಿಲ್ಲ ಎಂದು ಅಲ್ಲಿನವರು ಹೇಳುತ್ತಾರೆ.

ಸರೀಸೃಪ ಸಾಕಿದವರಿಗೆ ಇದು ಸಣ್ಣ ವಿಷಯವಲ್ಲ. ದಕ್ಷಿಣ ಅಮೆರಿಕದ ಟೆಗು ಎಂಬ ದೊಡ್ಡ ಹಲ್ಲಿಯನ್ನು ಈಚೆಗೆ ಭಾರತದ ನಗರಗಳಲ್ಲೂ ಕೆಲವರು ಸಾಕುತ್ತಿದ್ದಾರೆ. ನಾಲ್ಕು ಅಡಿಗೂ ಮಿಕ್ಕಿ ಬೆಳೆಯುವ ಈ ಪ್ರಾಣಿ ನೋಡಲು ನಮ್ಮ ಉಡದ ಹಾಗಿದ್ದರೂ ಅದರ ಕುಲವೇ ಬೇರೆ. ಹಣ್ಣು, ಮೊಟ್ಟೆ, ಹುಳ, ಇಲಿ ಎಲ್ಲವನ್ನೂ ತಿನ್ನುತ್ತದೆ. ಚೆನ್ನಾಗಿ ಸಾಕಿದರೆ ಮಡಿಲಲ್ಲಿ ಮಲಗುವಷ್ಟು ಹೊಂದಿಕೊಳ್ಳುತ್ತದೆ. ಅದೇ ಟೆಗು ಊಟದ ಹೊತ್ತಿಗೆ ಗೂಡಿನ ಬಾಗಿಲು ತೆರೆದೊಡನೆ ನುಗ್ಗಿ ಬಂದು ಕೈಗೆ ಬಾಯಿ ಹಾಕುತ್ತದೆ. ಸಾಕಿದವರು ಕಂಗಾಲಾಗಿ, ಇದಕ್ಕೆ ತಲೆ ಕೆಟ್ಟಿದೆ, ಇದು ನನ್ನನ್ನು ದ್ವೇಷಿಸುತ್ತಿದೆ ಎಂದುಕೊಳ್ಳುತ್ತಾರೆ.

ಸಿಟ್ಟಿಗೂ ಹಸಿವಿಗೂ ಇರುವ ವ್ಯತ್ಯಾಸ ಅದರ ಮೈಯಲ್ಲೇ ಕಾಣುತ್ತದೆ. ಹೆದರಿದ ಟೆಗು ಮೈ ಉಬ್ಬಿಸುತ್ತದೆ, ಬುಸುಗುಟ್ಟುತ್ತದೆ, ಬಾಲ ಬೀಸುತ್ತದೆ, ದಾರಿ ಸಿಕ್ಕರೆ ಹಿಂದಕ್ಕೆ ಸರಿಯುತ್ತದೆ. ಹಸಿದ ಟೆಗು ಸದ್ದು ಮಾಡುವುದಿಲ್ಲ. ಸೀಳು ನಾಲಗೆಯನ್ನು ಬೇಗಬೇಗ ಹೊರಚಾಚುತ್ತಾ ನೇರ ಮುಂದಕ್ಕೇ ಬರುತ್ತದೆ. ಆ ನಾಲಗೆ ಗಾಳಿಯಿಂದ, ನೆಲದಿಂದ ವಾಸನೆಯ ಕಣಗಳನ್ನು ಹೆಕ್ಕಿ, ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ನಿಮ್ಮ ಬೆರಳಿಗೆ ಕೋಳಿಮಾಂಸದ ವಾಸನೆ ಅಂಟಿದ್ದು ಬೆರಳು ಅಲುಗುತ್ತಲೂ ಇದ್ದರೆ, ಅದರ ಪಾಲಿಗೆ ಅದು ಆಹಾರವೇ. ಕೈ ಯಾರದೆಂಬ ಪ್ರಶ್ನೆ ಆ ಕ್ಷಣದಲ್ಲಿ ಅದರ ಮಿದುಳಿನಲ್ಲಿ ಏಳುವುದೇ ಇಲ್ಲ.

ಇದರ ಮೇಲೆ ನಾವೇ ಕಲಿಸಿದ ಪಾಠವೂ ಸೇರಿಕೊಳ್ಳುತ್ತದೆ. ಬಾಗಿಲು ತೆರೆಯುವುದು ಊಟ ಹಾಕಲು ಮಾತ್ರ ಎಂದಾದರೆ, ಬಾಗಿಲ ಸದ್ದೇ ಊಟದ ಗಂಟೆಯಾಗುತ್ತದೆ. ಕೈಯಿಂದ ತಿನ್ನಿಸಿದರೆ ಕೈಯೇ ಬಟ್ಟಲಾಗುತ್ತದೆ. ಸರೀಸೃಪಗಳು ಕಲಿಯುವುದಿಲ್ಲ ಎಂಬುದು ಹಳೆಯ ತಪ್ಪುಕಲ್ಪನೆ. ಆಫ್ರಿಕದ ಒಂದು ಜಾತಿಯ ಉಡಗಳಿಗೆ ಪಾರದರ್ಶಕ ಕೊಳವೆಯೊಳಗೆ ಇಲಿ ಇಟ್ಟು ಕೊಟ್ಟ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಕೊಳವೆಯ ಬಾಗಿಲು ತೆರೆಯುವ ಉಪಾಯವನ್ನು ಅವು ಮೊದಲ ಸಲವೇ ಹತ್ತು ನಿಮಿಷದೊಳಗೆ ಕಂಡುಕೊಂಡವು, ಎರಡನೆಯ ಸಲ ಇನ್ನೂ ಬೇಗ ತೆರೆದವು. ಇಷ್ಟು ಚುರುಕಾದ ಪ್ರಾಣಿ ನಮ್ಮ ತಪ್ಪು ಅಭ್ಯಾಸವನ್ನೂ ಅಷ್ಟೇ ಬೇಗ ಕಲಿಯುತ್ತದೆ.

ಹಾಗಾಗಿ ಮದ್ದು ಇರುವುದೂ ಕಲಿಕೆಯಲ್ಲೇ. ಹೊಡೆಯುವುದು, ಮೂತಿಗೆ ತಟ್ಟುವುದು ಕೆಲಸಕ್ಕೆ ಬಾರದು. ಅದರಿಂದ ಹಸಿವಿನ ಜೊತೆಗೆ ಹೆದರಿಕೆಯೂ ಸೇರಿ, ಕಚ್ಚುವುದಕ್ಕೆ ಎರಡು ಕಾರಣಗಳಾಗುತ್ತವೆ. ಊಟ ಯಾವಾಗಲೂ ಒಂದೇ ಜಾಗದಲ್ಲಿ, ಒಂದೇ ಬಟ್ಟಲಲ್ಲಿ ಸಿಗಲಿ. ಮಾಂಸದ ತುಂಡನ್ನು ಉದ್ದನೆಯ ಇಕ್ಕಳದಿಂದ ಇಡಿ. ಅದಕ್ಕೂ ಮೊದಲು ಕೈ ತೊಳೆಯಿರಿ. ಊಟದ ಹೊತ್ತಲ್ಲದಾಗ ಎಷ್ಟೋ ಸಲ ಬರಿಗೈಯಲ್ಲಿ ಬಾಗಿಲು ತೆರೆಯಿರಿ, ನೀರು ಬದಲಿಸಿ, ಸುಮ್ಮನೆ ಕುಳಿತಿರಿ. ಬಾಗಿಲಿಗೂ ಊಟಕ್ಕೂ ಇದ್ದ ನಂಟು ಹೀಗೆ ಸಡಿಲವಾಗುತ್ತದೆ. ಮೃಗಾಲಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತುದಿಗೆ ಬಣ್ಣದ ಚೆಂಡು ಸಿಕ್ಕಿಸಿದ ಕೋಲನ್ನು ಬಳಸುತ್ತಾರೆ. ಚೆಂಡಿಗೆ ಮೂತಿ ತಾಗಿಸಿದರೆ ಮಾತ್ರ ತುತ್ತು. ಕೊಮೊಡೊ ಡ್ರ್ಯಾಗನ್‌ನಂಥ ದೈತ್ಯ ಉಡಗಳೂ ಇದನ್ನು ಕಲಿತಿವೆ. ಕೋಲು ಕಂಡರೆ ಊಟ, ಕೋಲಿಲ್ಲದಿದ್ದರೆ ಇಲ್ಲ ಎಂಬುದು ಗಟ್ಟಿಯಾದ ಮೇಲೆ ಕೈಯ ಕಡೆಗೆ ಅದರ ಗಮನ ಹೋಗುವುದು ಕಡಿಮೆಯಾಗುತ್ತದೆ. ಊಟ ಮುಗಿದೊಡನೆ ಎತ್ತಿಕೊಳ್ಳುವ ಅವಸರ ಮಾತ್ರ ಬೇಡ, ಊಟದ ಆವೇಶ ಇಳಿಯಲು ಹೊತ್ತು ಹಿಡಿಯುತ್ತದೆ.

ಗೂಡಿನ ಶಾಖವನ್ನೂ ನೋಡಬೇಕು. ಬಿಸಿಲು ಕಾಯಲು ಜಾಗವಿಲ್ಲದ ಟೆಗುವಿಗೆ ತಿಂದದ್ದು ಸರಿಯಾಗಿ ಜೀರ್ಣವಾಗದು.

ಈಗ ಅನಂತಪುರದ ನೈವೇದ್ಯದ ಕ್ರಮವನ್ನು ನೋಡಿ. ಹೊತ್ತು ನಿಗದಿ, ಜಾಗ ನಿಗದಿ. ಕರೆಯುವ ದನಿ ಪರಿಚಿತ, ಬರುವ ವ್ಯಕ್ತಿ ಪರಿಚಿತ. ಕೈಯಲ್ಲಿರುವುದು ಮಿಸುಕಾಡದ, ರಕ್ತದ ವಾಸನೆಯಿಲ್ಲದ ಅನ್ನ. ಮೊಸಳೆಯ ದವಡೆಯ ಸುತ್ತ ಸಾಸಿವೆಕಾಳಿನಷ್ಟು ಸಣ್ಣ ಉಬ್ಬುಗಳಿರುತ್ತವೆ. ಅವು ನಮ್ಮ ಬೆರಳ ತುದಿಗಿಂತಲೂ ಸೂಕ್ಷ್ಮವಾಗಿ ಸ್ಪರ್ಶವನ್ನು ಗ್ರಹಿಸುತ್ತವೆ ಎಂದು 2012ರ ಅಧ್ಯಯನವೊಂದು ತೋರಿಸಿತು. ನೀರಿನ ಅಲುಗಾಟವೇ ಅದಕ್ಕೆ ಬೇಟೆಯ ಸುದ್ದಿ. ಮೆಟ್ಟಿಲಲ್ಲಿ ನಿಧಾನವಾಗಿ ಕೈ ಚಾಚುವ ಅರ್ಚಕರಿಂದ ಅಂಥ ಸುದ್ದಿ ಹೋಗುತ್ತಿರಲಿಲ್ಲ. ಪಶುವೈದ್ಯರೋ ತರಬೇತುದಾರರೋ ಯೋಜಿಸಿದ್ದಲ್ಲ ಇದು. ಪೂಜೆಯ ಶಿಸ್ತೇ ಇಲ್ಲಿ ತರಬೇತಿಯ ಶಿಸ್ತಾಯಿತು ಎಂಬುದು ನನ್ನ ತೀರ್ಮಾನ. ಭಕ್ತರು ಇದನ್ನು ದೈವಕೃಪೆ ಎಂದರೆ ನನಗೆ ಜಗಳವಿಲ್ಲ. ತಲೆಮಾರುಗಟ್ಟಲೆ ಒಂದು ಕಾಡುಪ್ರಾಣಿಗೆ ಕಲ್ಲೆಸೆಯದೆ, ಕೆಣಕದೆ ಬದುಕಲು ಬಿಟ್ಟದ್ದು ಆ ಭಕ್ತಿಯೇ.

ಅನ್ನ ತಿಂದು ಮೊಸಳೆ ಬದುಕಬಲ್ಲದೇ? ಮೊಸಳೆಗಳು ಹಣ್ಣು, ಬೀಜ ತಿನ್ನುವುದುಂಟು. 18 ಜಾತಿಗಳ ದಾಖಲೆಗಳನ್ನು ಪರಿಶೀಲಿಸಿದ 2013ರ ಅಧ್ಯಯನದಲ್ಲಿ 13 ಜಾತಿಗಳು ಹಣ್ಣು ತಿಂದದ್ದು ಕಂಡುಬಂತು. ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸವಿರಲೂಬಲ್ಲದು. ಆದರೂ ಬಬಿಯಾ ಸೇರಿದ ಮಗರ್ ಜಾತಿಯ ಹಲ್ಲು, ಹೊಟ್ಟೆ ಎರಡೂ ಮಾಂಸಕ್ಕೇ ಹೊಂದಿದವು. ಮೀನು, ಕಪ್ಪೆ ಇರುವ ನೀರಿನಲ್ಲಿ ಅದು ಅನ್ನವೊಂದನ್ನೇ ನೆಚ್ಚಿತ್ತೆಂದು ಜೀವಶಾಸ್ತ್ರದ ಕಣ್ಣಿಗೆ ತೋರುವುದಿಲ್ಲ. ಅರ್ಚಕರ ಕೈಗೆ ಅದು ತೋರಿದ ಸೌಮ್ಯತೆ ಆ ಕೈಗೆ, ಆ ಹೊತ್ತಿಗೆ, ಆ ಮೆಟ್ಟಿಲಿಗೆ ಸೇರಿದ್ದು. ಬೇರೊಬ್ಬರು ಬೇರೆ ಹೊತ್ತಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಹಳೆಯ ಬಬಿಯಾ ಕಲಿತದ್ದನ್ನು ಹೊಸ ಮೊಸಳೆ ಹುಟ್ಟುತ್ತಲೇ ಕಲಿತಿರುವುದಿಲ್ಲ. ಅಲ್ಲಿಗೆ ಹೋಗುವವರು ದಯವಿಟ್ಟು ಬಾಳೆಹಣ್ಣಾಗಲಿ, ಬಿಸ್ಕತ್ತಾಗಲಿ ನೀರಿಗೆ ಎಸೆಯಬೇಡಿ, ಮಕ್ಕಳನ್ನು ನೀರಿನ ಅಂಚಿಗೆ ಬಿಡಬೇಡಿ. ಜನ ಕಂಡರೆ ಊಟ ಎಂಬ ಪಾಠವನ್ನು ಅದಕ್ಕೆ ಯಾರೂ ಕಲಿಸದಿರಲಿ. ತೋಟದಲ್ಲಿ ಉಡ ಕಂಡರೆ ಹಿಡಿದು ಸಾಕುವ ಯೋಚನೆಯೂ ಬೇಡ. ಮೊಸಳೆಯಂತೆ ಅದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಟೆಗು ಕೊಳ್ಳಬೇಕೆಂದಿರುವವರು ಕಾಗದಪತ್ರ ಕೇಳಿ ನೋಡಿ. ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. 2024ರ ನಿಯಮಗಳಂತೆ ಸಾಕುವವರು ಕೇಂದ್ರ ಸರಕಾರದ ಪರಿವೇಶ್ ಪೋರ್ಟಲಿನಲ್ಲಿ ಅದನ್ನು ನೋಂದಾಯಿಸಲೇಬೇಕು.