ಬಿಯರ್ ತಯಾರಿಕೆಯಲ್ಲಿ ಹರಿವು ನಿಯಂತ್ರಕ ವಾಲ್ವ್‌ಗಳು: ಆಯ್ಕೆ ಮತ್ತು ಬಳಕೆ

ನೀರು ಸರಬರಾಜು, ಸಕ್ಕರೆ, ರಾಸಾಯನಿಕ ಹಾಗೂ ವಿದ್ಯುತ್ ಉದ್ದಿಮೆಗಳಿಗೆ ಬೇಕಾಗುವ ವಾಲ್ವ್‌ಗಳ ತಯಾರಿಕೆ ಮತ್ತು ಮಾರಾಟ ಕರ್ನಾಟಕಕ್ಕೆ ಹೊಸದಲ್ಲ. ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಕೆ, ಬೆಳಗಾವಿಯಲ್ಲಿ ಎರಕದ ಉದ್ದಿಮೆ, ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳ ಸಣ್ಣ ಘಟಕಗಳು ಬಹುಕಾಲದಿಂದ ಬೇರೂರಿವೆ. 2010ರ ದಶಕದ ಆರಂಭದಿಂದ ಬೆಂಗಳೂರಿನಲ್ಲಿ ಬಿಯರನ್ನು ಸ್ಥಳದಲ್ಲಿಯೇ ತಯಾರಿಸಿ ಮಾರುವ ಮೈಕ್ರೊಬ್ರೂವರಿಗಳು ತಲೆಯೆತ್ತಿದ ಮೇಲೆ, ಈ ಉದ್ದಿಮೆದಾರರಿಗೆ ಹೊಸದೊಂದು ಗ್ರಾಹಕವರ್ಗ ದೊರೆತಿದೆ. ಆದರೆ ದಾಸ್ತಾನಿನಲ್ಲಿರುವ ಸಾಮಾನ್ಯ ಕೈಗಾರಿಕಾ ವಾಲ್ವನ್ನೇ ಬ್ರೂವರಿಗೂ ಒದಗಿಸಬಹುದೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಸ್ಥಾವರದ ಒಂದು ಭಾಗಕ್ಕೆ ಅದನ್ನು ಧಾರಾಳವಾಗಿ ಬಳಸಬಹುದು. ಇನ್ನೊಂದು ಭಾಗಕ್ಕೆ ಬಳಸಿದರೆ ಇಡೀ ತೊಟ್ಟಿಯ ಬಿಯರ್ ಹಾಳಾಗುವ ಸಂಭವವಿದೆ. ಈ ಎರಡು ಭಾಗಗಳ ನಡುವಣ ಗೆರೆಯನ್ನು ಅರಿಯುವುದು ತಯಾರಕರಿಗೂ ವರ್ತಕರಿಗೂ ಅಗತ್ಯ.

ತಯಾರಿಕೆಯ ಹಂತಗಳು

ಬಾರ್ಲಿಯ ಮಾಲ್ಟನ್ನು ಒಡೆದು ಬಿಸಿನೀರಿನೊಡನೆ ಬೆರೆಸಿ, ಸಾಮಾನ್ಯವಾಗಿ 62ರಿಂದ 72 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಲಾಗುತ್ತದೆ. ಆಗ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಸಿಪ್ಪೆಯನ್ನು ಬೇರ್ಪಡಿಸಿ ಪಡೆದ ಸಿಹಿ ದ್ರವಕ್ಕೆ ವರ್ಟ್ ಎಂದು ಹೆಸರು. ಇದನ್ನು ಹಾಪ್ಸ್ ಸೇರಿಸಿ ಒಂದು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಕುದಿಸಿ, ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಮೂಲಕ ತಣಿಸಿ, ಯೀಸ್ಟ್ ಸೇರಿಸಿ ಹುದುಗಿಸಲಾಗುತ್ತದೆ. ಬಳಿಕ ತಂಪಿನಲ್ಲಿ ಪಕ್ವಗೊಳಿಸಿ, ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡದಲ್ಲಿ ಸಂಗ್ರಹಿಸಲಾಗುತ್ತದೆ.

ಇವುಗಳ ಪೈಕಿ ಕುದಿಸುವ ಹಂತ ಮುಖ್ಯವಾದುದು. ಅಲ್ಲಿಯವರೆಗೆ ಸೇರಿಕೊಂಡಿರಬಹುದಾದ ಸೂಕ್ಷ್ಮಜೀವಿಗಳು ಕುದಿತದಲ್ಲಿ ನಾಶವಾಗುತ್ತವೆ. ವರ್ಟ್ ತಣಿದ ನಂತರ ಅಂತಹ ರಕ್ಷಣೆ ಉಳಿಯುವುದಿಲ್ಲ. ಆದುದರಿಂದ ತಣಿಸುವ ಯಂತ್ರದಿಂದ ಮುಂದಿನ ಎಲ್ಲ ವಾಲ್ವ್‌ಗಳೂ ನೈರ್ಮಲ್ಯದ ದೃಷ್ಟಿಯಿಂದ ಕಟ್ಟುನಿಟ್ಟಾಗಿರಬೇಕು.

ಕೈಗಾರಿಕಾ ವಾಲ್ವ್‌ಗಳಿಗೆ ತಕ್ಕ ಸ್ಥಳ

ಹಬೆ, ತಂಪು ಗ್ಲೈಕಾಲ್, ತಣಿಸುವ ನೀರು ಮತ್ತು ಸಂಕುಚಿತ ಗಾಳಿಯ ಮಾರ್ಗಗಳು ಬಿಯರನ್ನು ನೇರವಾಗಿ ಮುಟ್ಟುವುದಿಲ್ಲ. ಇಲ್ಲಿ ಉತ್ತಮ ಗುಣಮಟ್ಟದ ಸಾಮಾನ್ಯ ಗ್ಲೋಬ್, ಬಾಲ್ ಮತ್ತು ಸೊಲೆನಾಯ್ಡ್ ವಾಲ್ವ್‌ಗಳೇ ಸಾಕು. ಆದರೂ ಬಿಯರಿನ ಗುಣ ಇವುಗಳನ್ನೂ ಅವಲಂಬಿಸಿದೆ. ಮಾಲ್ಟ್ ಮಿಶ್ರಣವು 63 ಡಿಗ್ರಿಯ ಸುಮಾರಿನಲ್ಲಿ ನಿಂತರೆ ಯೀಸ್ಟ್ ಬಳಸಬಲ್ಲ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ. 70 ಡಿಗ್ರಿಯ ಸುಮಾರಿನಲ್ಲಿ ನಿಂತರೆ ಅಂತಹ ಸಕ್ಕರೆ ಕಡಿಮೆಯಾಗಿ ಬಿಯರ್ ಮಂದವಾಗುತ್ತದೆ. ಹಬೆಯ ವಾಲ್ವ್ ಅಗತ್ಯಕ್ಕಿಂತ ದೊಡ್ಡದಾಗಿದ್ದರೆ ಅದು ಸದಾ ಕಿಂಚಿತ್ತೇ ತೆರೆದ ಸ್ಥಿತಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಇದರಿಂದ ಉಷ್ಣತೆ ಏರಿಳಿಯುತ್ತದೆ, ಸೀಟ್ ಬೇಗ ಸವೆಯುತ್ತದೆ.

ಹುದುಗಿಸುವ ತೊಟ್ಟಿಯ ಹೊರಕವಚಕ್ಕೆ ಗ್ಲೈಕಾಲ್ ಹರಿಸುವ ಸೊಲೆನಾಯ್ಡ್ ವಾಲ್ವ್ ಥಟ್ಟನೆ ಮುಚ್ಚಿಕೊಂಡಾಗ ಕೊಳವೆಯಲ್ಲಿ ಆಘಾತದ ಒತ್ತಡ ಉಂಟಾಗುತ್ತದೆ. ಕೊಳವೆ ಉದ್ದವಾಗಿದ್ದಲ್ಲಿ ನಿಧಾನವಾಗಿ ಮುಚ್ಚುವ, ಮೋಟಾರ್‌ಚಾಲಿತ ಬಾಲ್ ವಾಲ್ವ್ ಮೇಲು.

ಬಿಯರ್ ಹರಿಯುವ ಮಾರ್ಗ

ತಣಿದ ವರ್ಟ್ ಹಾಗೂ ಬಿಯರ್ ಹರಿಯುವ ಮಾರ್ಗದಲ್ಲಿ ಸಾಮಾನ್ಯ ವಾಲ್ವ್ ಬಳಸದಿರಲು ಕಾರಣ ಅದರ ಬಲಹೀನತೆಯಲ್ಲ; ಒತ್ತಡ ತಾಳುವುದರಲ್ಲಿ ಅದು ಬಹುಶಃ ಹೆಚ್ಚೇ ಸಮರ್ಥವಾಗಿರುತ್ತದೆ. ಸಮಸ್ಯೆ ಇರುವುದು ಅದರ ಒಳರಚನೆಯಲ್ಲಿ. ಬಾಲ್ ವಾಲ್ವ್‌ನ ಗುಂಡಿನ ಸುತ್ತಲಿನ ಪೊಳ್ಳು, ಗೇಟ್ ವಾಲ್ವ್‌ನ ತಳದ ಗುಳಿ, ತಿರುಪಿನ ಜೋಡಣೆಯ ಎಳೆಗಳ ಸಂದು, ಇವೆಲ್ಲವುಗಳಲ್ಲಿ ದ್ರವ ನಿಲ್ಲುತ್ತದೆ. ತೊಳೆಯುವ ದ್ರಾವಣ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಸಿ ಮುಂದಿನ ಪ್ರತಿಯೊಂದು ತಯಾರಿಕೆಗೂ ಹುಳಿ ರುಚಿಯನ್ನು ಅಥವಾ ಬೆಣ್ಣೆಯಂತಹ ವಾಸನೆಯನ್ನು ತರುತ್ತವೆ. ಹಿತ್ತಾಳೆಯ ವಾಲ್ವ್‌ಗಳಲ್ಲಿ ಇನ್ನೊಂದು ದೋಷವಿದೆ. ಹುದುಗಿದ ಬಿಯರಿಗೆ ಸೇರುವ ಅಲ್ಪ ತಾಮ್ರವೂ ಆಮ್ಲಜನಕದ ಕ್ರಿಯೆಯನ್ನು ತ್ವರಿತಗೊಳಿಸಿ ರುಚಿಯನ್ನು ಬೇಗ ಹಳಸುವಂತೆ ಮಾಡುತ್ತದೆ.

ಆದುದರಿಂದ ಇಲ್ಲಿ 304 ಅಥವಾ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸ್ಯಾನಿಟರಿ ವಾಲ್ವ್‌ಗಳನ್ನು ಬಳಸಲಾಗುತ್ತದೆ. ದ್ರವವನ್ನು ಮುಟ್ಟುವ ಮೇಲ್ಮೈಯ ಒರಟುತನ 0.8 ಮೈಕ್ರಾನ್ ಆರ್‌ಎ ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂಬುದು ಒಪ್ಪಿತವಾದ ಮಟ್ಟ. ಸಣ್ಣ ಬ್ರೂವರಿಗಳಲ್ಲಿ ಸ್ಯಾನಿಟರಿ ಬಟರ್‌ಫ್ಲೈ ವಾಲ್ವ್ ಹೆಚ್ಚು ಬಳಕೆಯಲ್ಲಿದೆ. ದೊಡ್ಡ ಬ್ರೂವರಿಗಳಲ್ಲಿ ಎರಡು ಸೀಟ್‌ಗಳ ಮಿಕ್ಸ್‌ಪ್ರೂಫ್ ವಾಲ್ವ್‌ಗಳಿರುತ್ತವೆ. ಇವುಗಳಲ್ಲಿ ಒಂದು ಸೀಟ್ ಸೋರಿದರೂ ದ್ರವ ನಡುವಣ ಕೋಣೆಯಿಂದ ಹೊರಗೆ ಹರಿದುಹೋಗುವುದರಿಂದ, ಒಂದು ಮಾರ್ಗದಲ್ಲಿ ಬಿಯರ್ ಇರುವಾಗಲೇ ಪಕ್ಕದ ಮಾರ್ಗವನ್ನು ತೊಳೆಯಬಹುದು.

ಅಳತೆಯ ಆಯ್ಕೆ

ವಾಲ್ವ್‌ನ ಸಾಮರ್ಥ್ಯವನ್ನು ಕೆವಿ ಎಂಬ ಅಂಕಿಯಿಂದ ಸೂಚಿಸಲಾಗುತ್ತದೆ. ವಾಲ್ವ್‌ನ ಎರಡೂ ಬದಿಗಳ ನಡುವೆ 1 ಬಾರ್ ಒತ್ತಡದ ವ್ಯತ್ಯಾಸವಿದ್ದಾಗ ಗಂಟೆಗೆ ಹರಿಯುವ ನೀರಿನ ಘನ ಮೀಟರ್ ಪ್ರಮಾಣವೇ ಕೆವಿ. ಉದಾಹರಣೆಗೆ, 1,000 ಲೀಟರ್ ವರ್ಟನ್ನು ಅರ್ಧ ಗಂಟೆಯಲ್ಲಿ ತಣಿಸಬೇಕಾದರೆ ಹರಿವು ಗಂಟೆಗೆ 2 ಘನ ಮೀಟರ್. ವರ್ಟ್‌ನ ಸಾಪೇಕ್ಷ ಸಾಂದ್ರತೆ 1.05 ಎಂದೂ ವಾಲ್ವ್‌ನಲ್ಲಿ ಇಳಿಯಬಹುದಾದ ಒತ್ತಡ 0.25 ಬಾರ್ ಎಂದೂ ಇಟ್ಟುಕೊಳ್ಳೋಣ. 1.05ನ್ನು 0.25ರಿಂದ ಭಾಗಿಸಿ, ವರ್ಗಮೂಲ ತೆಗೆದು, 2ರಿಂದ ಗುಣಿಸಿದರೆ ಬೇಕಾದ ಕೆವಿ ಸುಮಾರು 4.1 ಎಂದು ತಿಳಿಯುತ್ತದೆ. 40 ಮಿಲಿಮೀಟರ್ ಬಟರ್‌ಫ್ಲೈ ವಾಲ್ವ್‌ನ ಪೂರ್ಣ ಕೆವಿ ಇದರ ಹಲವು ಪಟ್ಟು ಇರುತ್ತದೆ. ಆದುದರಿಂದ ಅದನ್ನು ಸ್ವಲ್ಪವೇ ತೆರೆದು ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವುದು ಕಷ್ಟ. ತೆರೆಯಲು ಮತ್ತು ಮುಚ್ಚಲು ಮಾತ್ರ ಅದು ಉತ್ತಮ.

ಹಾಗೆಂದು ಕೆವಿ 4.1 ಇರುವ ಸಣ್ಣ ವಾಲ್ವನ್ನು ಕಣ್ಣುಮುಚ್ಚಿ ಆರಿಸುವಂತೆಯೂ ಇಲ್ಲ. ಕೊಳವೆಯನ್ನು ತೊಳೆಯುವಾಗ ದ್ರಾವಣದ ವೇಗ ಸೆಕೆಂಡಿಗೆ ಕನಿಷ್ಠ 1.5 ಮೀಟರ್ ಇರಬೇಕು. 38 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಇದು ಗಂಟೆಗೆ ಸುಮಾರು 6.1 ಘನ ಮೀಟರ್ ಹರಿವಾಗುತ್ತದೆ, ಅಂದರೆ ವರ್ಟ್‌ನ ಹರಿವಿನ ಮೂರು ಪಟ್ಟು. ಕೆವಿ 4.1ರ ವಾಲ್ವನ್ನು ಪೂರ್ತಿ ತೆರೆದಿಟ್ಟರೂ ಅಷ್ಟು ದ್ರಾವಣ ಹಾಯಲು 2 ಬಾರ್‌ಗಿಂತ ಹೆಚ್ಚಿನ ಒತ್ತಡ ಅಲ್ಲಿಯೇ ವ್ಯಯವಾಗುತ್ತದೆ. ಪಂಪಿಗೆ ಆ ಶಕ್ತಿ ಇಲ್ಲದಿದ್ದರೆ ಕೊಳವೆ ಸ್ವಚ್ಛವಾಗುವುದಿಲ್ಲ. ತಯಾರಿಕೆಯ ಹರಿವನ್ನಷ್ಟೇ ಕೇಳಿ ವಾಲ್ವ್ ಮಾರುವ ವರ್ತಕರು ಈ ಲೆಕ್ಕವನ್ನು ಬಿಟ್ಟುಬಿಡುವುದುಂಟು. ಬೈಪಾಸ್ ಮಾರ್ಗ ಕೊಡುವುದು, ಇಲ್ಲವೆ ಪೂರ್ಣ ತೆರವಿನ ವಾಲ್ವ್ ಇಟ್ಟು ಹರಿವನ್ನು ಪಂಪಿನ ವೇಗದಿಂದ ಹೊಂದಿಸುವುದು ಇದಕ್ಕೆ ಪರಿಹಾರ.

ನಿಯಂತ್ರಣ ಯಾವ ಬದಿಯಲ್ಲಿ?

ಸಾಧ್ಯವಿದ್ದಲ್ಲೆಲ್ಲ ನಿಯಂತ್ರಕ ವಾಲ್ವನ್ನು ಬಿಯರಿನ ಮಾರ್ಗಕ್ಕೆ ಬದಲಾಗಿ ನೀರು ಅಥವಾ ಅನಿಲದ ಮಾರ್ಗದಲ್ಲಿ ಇಡುವುದು ಲಾಭಕರ. ವರ್ಟ್ ತಣಿಸುವಾಗ ತಣ್ಣೀರಿನ ಹರಿವನ್ನು ಹೊಂದಿಸಿದರೆ ಸಾಮಾನ್ಯ ಕೈಗಾರಿಕಾ ವಾಲ್ವೇ ಆ ಕೆಲಸ ಮಾಡುತ್ತದೆ. ವರ್ಟ್ ಬದಿಯಲ್ಲಿಯೇ ಹರಿವನ್ನು ತಗ್ಗಿಸಬೇಕಾದರೆ ಪಂಪಿನ ಹೊರಮುಖದಲ್ಲಿ ತಗ್ಗಿಸಬೇಕು. ಒಳಮುಖದಲ್ಲಿ ತಗ್ಗಿಸಿದರೆ, ಕುದಿಯುವ ಮಟ್ಟಕ್ಕೆ ಸಮೀಪವಿರುವ ವರ್ಟ್ ಒತ್ತಡ ಇಳಿದೊಡನೆ ಆವಿಯಾಗಿ ಪಂಪನ್ನು ಹಾಳುಮಾಡುತ್ತದೆ.

ಸಿದ್ಧ ಬಿಯರಿನ ವಿಷಯದಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು. ಲೀಟರಿಗೆ ಸುಮಾರು 5 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುವ ಬಿಯರನ್ನು 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡಲು ಸುಮಾರು 0.8 ಬಾರ್ ಗೇಜ್ ಒತ್ತಡ ಬೇಕು. ಅರ್ಧ ತೆರೆದ ವಾಲ್ವ್‌ನ ಇಕ್ಕಟ್ಟಿನಲ್ಲಿ ಒತ್ತಡ ಇದಕ್ಕಿಂತ ಕೆಳಗಿಳಿದರೆ ಅನಿಲ ಬೇರ್ಪಟ್ಟು ಬಿಯರೆಲ್ಲ ನೊರೆಯಾಗುತ್ತದೆ. ವಾಲ್ವನ್ನು ಪೂರ್ತಿ ತೆರೆದಿಟ್ಟು, ತುಂಬಿಸಿಕೊಳ್ಳುವ ತೊಟ್ಟಿಯಲ್ಲಿನ ಅನಿಲದ ಒತ್ತಡವನ್ನು ಹೊಂದಿಸುವುದೇ ಸರಿಯಾದ ಕ್ರಮ.

ಸುರಕ್ಷತೆ

ತೊಳೆಯಲು ಬಳಸುವ, 70ರಿಂದ 80 ಡಿಗ್ರಿಯ ಕಾಸ್ಟಿಕ್ ಸೋಡಾ ದ್ರಾವಣವು ತೊಟ್ಟಿಯಲ್ಲಿ ಉಳಿದ ಇಂಗಾಲದ ಡೈಆಕ್ಸೈಡನ್ನು ಕ್ಷಿಪ್ರವಾಗಿ ಹೀರಿಕೊಳ್ಳುತ್ತದೆ. ಬಿಸಿ ತೊಟ್ಟಿಗೆ ತಣ್ಣೀರು ಸಿಂಪಡಿಸಿದಾಗಲೂ ಒಳಗಿನ ಒತ್ತಡ ಹಠಾತ್ತನೆ ಕುಸಿಯುತ್ತದೆ. ಹೊರಗಿನ ಗಾಳಿಯ ಒತ್ತಡಕ್ಕೆ ಸ್ಟೀಲಿನ ತೊಟ್ಟಿ ಡಬ್ಬಿಯಂತೆ ನುಗ್ಗಾಗಬಹುದು. ಆದುದರಿಂದ ಪ್ರತಿ ತೊಟ್ಟಿಗೂ ಅಧಿಕ ಒತ್ತಡವನ್ನು ಬಿಡುವ ಸುರಕ್ಷಾ ವಾಲ್ವ್ ಹಾಗೂ ನಿರ್ವಾತ ನಿವಾರಕ ವಾಲ್ವ್ ಎರಡೂ ಇರಲೇಬೇಕು. ಇವುಗಳ ಮತ್ತು ತೊಟ್ಟಿಯ ನಡುವೆ ಮುಚ್ಚಬಹುದಾದ ಬೇರೆ ಯಾವ ವಾಲ್ವ್ ಕೂಡ ಇರಬಾರದು. ಬೆಲೆ ತಗ್ಗಿಸುವ ಸಲುವಾಗಿ ಕೈಬಿಡಬಹುದಾದ ಬಾಬತ್ತು ಇದಲ್ಲ.

ತಯಾರಕರು ಮತ್ತು ವರ್ತಕರು ಗಮನಿಸಬೇಕಾದ ಅಂಶಗಳು

1. ಲೋಹದ ಪರೀಕ್ಷಾ ಪ್ರಮಾಣಪತ್ರ, ಮೇಲ್ಮೈ ಒರಟುತನದ ಅಳತೆ, ಸೀಲ್ ಆಹಾರ ದರ್ಜೆಯದೆಂಬ ದೃಢೀಕರಣ ಹಾಗೂ ಕೆವಿ ಪಟ್ಟಿಯನ್ನು ಮಾಲಿನ ಜೊತೆಯಲ್ಲಿಯೇ ಒದಗಿಸಬೇಕು. ಹೊರಮೈಯ ಹೊಳಪು ಒಳಮೈಯ ಗುಣಕ್ಕೆ ಸಾಕ್ಷಿಯಲ್ಲ.

2. ಇಪಿಡಿಎಂ ರಬ್ಬರ್ ಸೀಲ್‌ಗಳು ಬಿಸಿ ಕಾಸ್ಟಿಕ್ ಮತ್ತು ಹಬೆಯನ್ನು ಚೆನ್ನಾಗಿ ತಾಳುತ್ತವೆ. ಆದರೆ ಖನಿಜ ತೈಲದ ಗ್ರೀಸ್ ತಾಗಿದರೆ ಉಬ್ಬುತ್ತವೆ. ಜೋಡಿಸುವಾಗ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ಬಳಸಬೇಕು.

3. ಟ್ರೈ-ಕ್ಲ್ಯಾಂಪ್, ಡಿಐಎನ್ 11851, ಎಸ್‌ಎಂಎಸ್ ಜೋಡಣೆಗಳು ಒಂದಕ್ಕೊಂದು ಹೊಂದುವುದಿಲ್ಲ. ಬೇಡಿಕೆ ಪತ್ರದಲ್ಲಿ ಕೊಳವೆಯ ಮಿಲಿಮೀಟರ್ ಅಳತೆಯ ಜೊತೆಗೆ ಜೋಡಣೆಯ ಬಗೆಯನ್ನೂ ಬರೆಸಿಕೊಂಡರೆ ಮಾಲು ಹಿಂತಿರುಗುವ ನಷ್ಟ ತಪ್ಪುತ್ತದೆ.

4. ವಾಲ್ವನ್ನು ಕೊಳವೆಗೆ ಬೆಸೆಯುವಾಗ ಒಳಬದಿಗೂ ಆರ್ಗಾನ್ ಅನಿಲ ಹರಿಸಬೇಕು. ಇಲ್ಲದಿದ್ದರೆ ಒಳಗಿನ ಬೆಸುಗೆ ಕಪ್ಪಾಗಿ, ಒರಟಾಗಿ, ತುಕ್ಕಿಗೂ ಕೊಳೆಗೂ ಎಡೆಯಾಗುತ್ತದೆ.

5. ರಫ್ತಿನ ಉದ್ದೇಶವಿರುವ ಘಟಕಗಳು ಅಮೆರಿಕದ 3-ಎ ಹಾಗೂ ಯುರೋಪಿನ ಇಎಚ್‌ಇಡಿಜಿ ನೈರ್ಮಲ್ಯ ಮಾನದಂಡಗಳನ್ನು ಮೊದಲೇ ಅಭ್ಯಸಿಸುವುದು ಒಳಿತು.

ಭಾರತದಲ್ಲಿ ಮದ್ಯಪಾನೀಯಗಳಿಗೆ ಸಂಬಂಧಿಸಿದ ಆಹಾರ ಸುರಕ್ಷತಾ ನಿಯಮಗಳು 2018ರಲ್ಲಿ ರೂಪುಗೊಂಡು 2019ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಬಿಯರ್ ತಯಾರಕರು ತಮ್ಮ ಸಲಕರಣೆಗಳ ನೈರ್ಮಲ್ಯಕ್ಕೆ ಉತ್ತರಿಸಬೇಕಾದಾಗ ಸಹಜವಾಗಿಯೇ ಸರಬರಾಜುದಾರರನ್ನು ಪ್ರಶ್ನಿಸುತ್ತಾರೆ. ಸ್ಯಾನಿಟರಿ ವಾಲ್ವ್ ತಯಾರಿಕೆಗೆ ಬೇಕಾದ ಯಂತ್ರ, ಪಾಲಿಷ್ ಹಾಗೂ ತಪಾಸಣೆಯ ವ್ಯವಸ್ಥೆಗೆ ಹೂಡುವ ಬಂಡವಾಳ ಬ್ರೂವರಿಗಳಿಗಷ್ಟೇ ಸೀಮಿತವಾಗುವುದಿಲ್ಲ. ಹಾಲಿನ ಡೈರಿ, ಹಣ್ಣಿನ ರಸ ಮತ್ತು ಔಷಧ ಉದ್ದಿಮೆಗಳಿಗೂ ಇದೇ ಬಗೆಯ ವಾಲ್ವ್‌ಗಳು ಬೇಕು. ಆ ಹೂಡಿಕೆಗೆ ಇನ್ನೂ ಸಿದ್ಧವಿಲ್ಲದ ಘಟಕಗಳು ಹಬೆ, ಗ್ಲೈಕಾಲ್ ಮತ್ತು ನೀರಿನ ಮಾರ್ಗಗಳ ವಾಲ್ವ್‌ಗಳಿಂದ ಈ ವ್ಯಾಪಾರವನ್ನು ಆರಂಭಿಸಬಹುದು. ತಾವು ಕೊಡುವ ವಾಲ್ವ್ ಯಾವ ಮಾರ್ಗಕ್ಕೆ ಸೂಕ್ತ, ಯಾವುದಕ್ಕೆ ಅಲ್ಲ ಎಂಬುದನ್ನು ದರಪಟ್ಟಿಯಲ್ಲಿಯೇ ಸ್ಪಷ್ಟವಾಗಿ ನಮೂದಿಸಿದರೆ ಗ್ರಾಹಕರ ವಿಶ್ವಾಸವೂ ಉಳಿಯುತ್ತದೆ, ವ್ಯಾಜ್ಯಕ್ಕೂ ಆಸ್ಪದವಿರುವುದಿಲ್ಲ.