‘ಸೋಲ್’ ಚಿತ್ರವೂ ಬದುಕಿನ ಗುರಿಯೂ

ಮಕ್ಕಳನ್ನು ಕಂಡೊಡನೆ “ಮುಂದೆ ಏನಾಗುವೆ?” ಎಂದು ಕೇಳುವುದು ನಮ್ಮ ಹಿರಿಯರ ವಾಡಿಕೆ. ಥಟ್ಟನೆ ಉತ್ತರ ಕೊಟ್ಟವನನ್ನು ಜಾಣನೆನ್ನುತ್ತೇವೆ. ಸುಮ್ಮನಿದ್ದವನ ತಂದೆಯ ಕಡೆಗೆ ತಿರುಗಿ ಮರುಕವನ್ನು ಸೂಚಿಸುತ್ತೇವೆ. ಈ ಪ್ರಶ್ನೆಯನ್ನು ಪರರ ಮಕ್ಕಳಿಗೆ ಕೇಳಿದುದಕ್ಕಿಂತ ಹೆಚ್ಚು ಸಲ ನಾವು ನಮ್ಮ ಕಿರಿಯ ಮಗನಿಗೆ ಕೇಳಿದ್ದೇವೆ. ಹತ್ತನೆಯ ತರಗತಿಯ ಹುಡುಗ. ಪಾಠದಲ್ಲಿ ಸಾಧಾರಣ, ಮಾತಿನಲ್ಲಿ ಮಿತ. ಎರಡು ವರ್ಷಗಳಿಂದ ನಮ್ಮ ಪ್ರಶ್ನೆಗೆ ಅವನಿಂದ ಉತ್ತರವಿಲ್ಲ. ಕಳೆದ ಭಾನುವಾರ ಅವನೊಡನೆ ಕುಳಿತು ನೋಡಿದ ಅನಿಮೇಶನ್ ಚಿತ್ರವೊಂದು ಆ ಪ್ರಶ್ನೆಯನ್ನು ನಮ್ಮ ಕಡೆಗೇ ತಿರುಗಿಸಿತು. ದೇಶದ ವಿಚಾರಗಳಿಗೆ ಮೀಸಲಾದ ಈ ಪುಟದಲ್ಲಿ ಮನೆಯ ಮಾತನ್ನೆತ್ತಿದುದನ್ನು ವಾಚಕ ಮಹಾಶಯರು ಮನ್ನಿಸಬೇಕು.

ಚಿತ್ರದ ಹೆಸರು ‘ಸೋಲ್’, ಅಂದರೆ ಆತ್ಮ. ಕನ್ನಡದ ಕಿವಿಗೆ ಮಾತ್ರ ಅದು ಸೋಲೆಂದೇ ಕೇಳಿಸುತ್ತದೆ. ಅಮೇರಿಕದ ಪಿಕ್ಸಾರ್ ಸಂಸ್ಥೆಯವರು ತಯಾರಿಸಿದ ಇದನ್ನು ಕೆಂಪ್ ಪವರ್ಸರ ಸಹಕಾರದೊಡನೆ ಪೀಟ್ ಡಾಕ್ಟರ್ ಎಂಬವರು ನಿರ್ದೇಶಿಸಿದ್ದಾರೆ. ಮಹಾಮಾರಿಯ ದೆಸೆಯಿಂದ ಚಿತ್ರಮಂದಿರಗಳ ವ್ಯವಹಾರ ಅಸ್ತವ್ಯಸ್ತವಾಗಿದ್ದ 2020ರ ಡಿಸೆಂಬರ್ 25ರಂದು ಅದು ಅಮೇರಿಕದ ಜನರಿಗೆ ಮನೆಯ ತೆರೆಯ ಮೇಲೆಯೇ ದೊರಕಿತು. 2021ರಲ್ಲಿ ಶ್ರೇಷ್ಠ ಅನಿಮೇಶನ್ ಚಿತ್ರ, ಶ್ರೇಷ್ಠ ಸಂಗೀತ ಎಂಬ ಎರಡು ಆಸ್ಕರ್ ಪಾರಿತೋಷಕಗಳನ್ನು ಗಳಿಸಿತು. ತಮ್ಮ ಮಗನು ಹುಟ್ಟುವಾಗಲೇ ತನ್ನದೊಂದು ಸ್ವಭಾವವನ್ನು ಹೊತ್ತು ಬಂದುದನ್ನು ಕಂಡ ವಿಸ್ಮಯದಿಂದಲೇ ಈ ಕಥೆ ಮೊಳೆಯಿತೆಂದು ಡಾಕ್ಟರರು ಹೇಳಿದ್ದಾರೆ.

ಕಥಾನಾಯಕ ಜೋ ಗಾರ್ಡನರ್ ನ್ಯೂಯಾರ್ಕ್ ನಗರದ ಶಾಲೆಯೊಂದರ ಸಂಗೀತೋಪಾಧ್ಯಾಯ. ಶಾಲೆಯವರು ಕೆಲಸವನ್ನು ಖಾಯಂ ಮಾಡುತ್ತೇವೆಂದರೆ ಅವನಿಗೆ ಹಿಗ್ಗಿಲ್ಲ. ದರ್ಜಿಯಂಗಡಿ ನಡೆಸುವ ತಾಯಿಗೆ ಹಿಗ್ಗು. ಅವನ ಜೀವವೆಲ್ಲ ಜಾಜ್ ಸಂಗೀತದಲ್ಲಿ. ಡೊರೊಥಿಯಾ ವಿಲಿಯಮ್ಸ್ ಎಂಬ ಪ್ರಸಿದ್ಧ ವಾದಕಿಯ ಮೇಳದಲ್ಲಿ ಪಿಯಾನೋ ನುಡಿಸುವ ಅವಕಾಶ ದೊರೆತ ದಿನವೇ, ಹರ್ಷದಿಂದ ಮೈಮರೆತು ನಡೆಯುತ್ತ ಬೀದಿಯ ಚರಂಡಿಯ ಬಾಯಿಗೆ ಬೀಳುತ್ತಾನೆ. ಪರಲೋಕದ ದಾರಿಯಿಂದ ತಪ್ಪಿಸಿಕೊಂಡ ಅವನ ಆತ್ಮವು, ಹುಟ್ಟಲಿರುವ ಆತ್ಮಗಳು ಸಿದ್ಧವಾಗುವ ಲೋಕವನ್ನು ಸೇರುತ್ತದೆ. ಅಲ್ಲಿ ‘ಇಪ್ಪತ್ತೆರಡು’ ಎಂಬ ಸಂಖ್ಯೆಯೇ ಹೆಸರಾದ ಒಂದು ಆತ್ಮ. ಭೂಮಿಗೆ ಹೋಗಲು ಅದಕ್ಕೆ ಇಷ್ಟವಿಲ್ಲ. ಲಿಂಕನ್, ಕೋಪರ್ನಿಕಸ್, ಮದರ್ ತೆರೇಸಾ ಮೊದಲಾದ ಮಹನೀಯರೆಲ್ಲ ಅದಕ್ಕೆ ಬೋಧಿಸಿ ಸೋತವರು. ಹುಟ್ಟುವ ಪ್ರತಿಯೊಂದು ಆತ್ಮಕ್ಕೂ ಒಂದು ಕಿಡಿ ಬೇಕು. ಕಿಡಿಯೆಂದರೆ ಜೀವನದ ಗುರಿಯೆಂದೇ ಜೋ ತಿಳಿದಿದ್ದಾನೆ. ನಾವೂ ಹಾಗೆಯೇ ತಿಳಿದು ನೋಡುತ್ತ ಕುಳಿತಿದ್ದೆವು.

ದೈವಗತಿಯಿಂದ ಆ ಆತ್ಮವು ಜೋನ ದೇಹವನ್ನೂ, ಜೋನ ಆತ್ಮವು ಒಂದು ಬೆಕ್ಕಿನ ದೇಹವನ್ನೂ ಹೊಕ್ಕು ಭೂಮಿಗಿಳಿಯುತ್ತವೆ. ಬದುಕು ಬೇಡವೆಂದಿದ್ದ ಆತ್ಮಕ್ಕೆ ಈಗ ಪಿಟ್ಸಾದ ರುಚಿ ಬೆರಗು. ಅಂಗೈಮೇಲೆ ತಿರುತಿರುಗಿ ಬಂದಿಳಿದ ಮೇಪಲ್ ಮರದ ಬೀಜ ಬೆರಗು. ಕ್ಷೌರಿಕನ ಪ್ರಸಂಗವಂತೂ ನಮ್ಮ ಮನಸ್ಸಿನಲ್ಲಿ ನಿಂತಿದೆ. ಡೆಜ್ ಎಂಬ ಆತನು ಪಶುವೈದ್ಯನಾಗಬೇಕೆಂದಿದ್ದವನು. ಮಗಳ ಕಾಯಿಲೆಯ ದೆಸೆಯಿಂದ, ಕಡಮೆ ಖರ್ಚಿನ ಕ್ಷೌರವಿದ್ಯೆಯನ್ನು ಕಲಿತನು. ಆದರೂ ಅವನು ಸುಖಿ. ಎಷ್ಟೋ ವರ್ಷ ಅವನ ಮುಂದೆ ತಲೆಯೊಡ್ಡಿ ಕುಳಿತ ಜೋ, ಜಾಜಿನ ಮಾತಲ್ಲದೆ ಬೇರೆ ಆಡಿರಲಿಲ್ಲವಾದುದರಿಂದ ಈ ವೃತ್ತಾಂತವನ್ನೇ ಅರಿಯನು.

ಕೊನೆಗೆ ಜೋ ತನ್ನ ದೇಹವನ್ನು ಮರಳಿ ಪಡೆದು, ಮೇಳದಲ್ಲಿ ನುಡಿಸಿ, ಜಯಶಾಲಿಯಾಗುತ್ತಾನೆ. ಮುಂದೇನೆಂದು ಕೇಳಿದರೆ, ನಾಳೆ ಸಂಜೆ ಬಂದು ಮತ್ತೆ ಇದನ್ನೇ ನುಡಿಸುವುದೆಂಬ ಉತ್ತರ ಬರುತ್ತದೆ. ಅವನ ಮುಖದಲ್ಲಿ ಆಗ ಕಂಡ ಶೂನ್ಯವನ್ನು ನಾವು ಬಲ್ಲೆವು. ಸಾಲಮಾಡಿ ತಂದ ಹೊಸ ಮುದ್ರಣಯಂತ್ರದಿಂದ ನಮ್ಮ ಪತ್ರಿಕೆಯ ಮೊದಲ ಪ್ರತಿ ಹೊರಬಿದ್ದ ರಾತ್ರಿ, ಹದಿನೈದು ವರ್ಷ ಹಂಬಲಿಸಿದ ಆ ಗಳಿಗೆಯಲ್ಲಿ, ನಾಳೆಯ ಸಂಚಿಕೆಯ ಚಿಂತೆಯ ಹೊರತು ನಮಗೆ ಬೇರೇನೂ ತೋರಲಿಲ್ಲ. ಆ ಹದಿನೈದು ವರ್ಷಗಳಲ್ಲಿ ಮಕ್ಕಳು ಅಂಬೆಗಾಲಿಟ್ಟುದು, ತೊದಲಿದುದು ಎಲ್ಲವೂ ನಡೆದುಹೋಗಿತ್ತು. ನಾವು ಮನೆಯಲ್ಲಿ ಇದ್ದೆವು, ನೋಡಿರಲಿಲ್ಲ.

ಆದರೆ ನಮ್ಮನ್ನು ನಿಜವಾಗಿ ಕುಟುಕಿದುದು ಮುಂದಿನ ದೃಶ್ಯ. ಮರಳಿ ತನ್ನ ಲೋಕಕ್ಕೆ ಹೋದ ಇಪ್ಪತ್ತೆರಡು, ತಾನು ಯೋಗ್ಯವಲ್ಲವೆಂಬ ದುಃಖದಿಂದ ಕಗ್ಗತ್ತಲೆಯ ಭೂತವಾಗಿ ಅಲೆಯುತ್ತದೆ. ಆ ಕತ್ತಲೆಯ ಒಳಗೆ ಅದನ್ನು ಹಳಿದ ದನಿಗಳೆಲ್ಲ ಮೊಳಗುತ್ತಿವೆ. ಎಲ್ಲಕ್ಕಿಂತ ಕರ್ಕಶವಾದ ದನಿ, ನಿನಗೆ ಗುರಿಯಿಲ್ಲವೆಂದ ಜೋನದೇ. ಆ ಗಳಿಗೆಯಲ್ಲಿ ಪಕ್ಕದಲ್ಲಿದ್ದ ಮಗನು ನಮ್ಮ ಮುಖವನ್ನು ಒಮ್ಮೆ ನೋಡಿ ಮತ್ತೆ ತೆರೆಯ ಕಡೆಗೆ ತಿರುಗಿದನು. ಮಾತಿನ ಅಗತ್ಯವಿರಲಿಲ್ಲ.

ಚಿತ್ರದ ಸಿದ್ಧಾಂತವಿಷ್ಟೆ: ಕಿಡಿಯೆಂದರೆ ಗುರಿಯಲ್ಲ, ಬದುಕಲು ಮನಸ್ಸಾಗುವುದೇ ಕಿಡಿ. ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಹೊಟ್ಟೆಯ ಪಾಡೇ ಮುಗಿಯದ ಜನರಿಗೆ ಮರದ ಬೀಜವನ್ನು ತೋರಿಸಿ ಸುಖಪಡಿರೆನ್ನುವುದು ಸಾಹುಕಾರರ ವೇದಾಂತವಲ್ಲವೇ? ಗುರಿಯಿಲ್ಲದ ತರುಣರಿಂದ ನಾಡು ಏಳಿಗೆಯಾದೀತೇ? ಆಫ್ರಿಕನ್ ಮೂಲದ ನಾಯಕನು ಬಹುಭಾಗ ತನ್ನ ದೇಹದ ಹೊರಗೇ ಉಳಿಯುತ್ತಾನೆಂದು ಅಮೇರಿಕದ ವಿಮರ್ಶಕರು ದೂರಿದ್ದಾರೆ. ಅದೂ ನ್ಯಾಯವಾದ ದೂರೇ. ಮರುಜೀವ ಪಡೆದ ಜೋ ಶಾಲೆಗೆ ಹೋದನೋ ಮೇಳಕ್ಕೆ ಹೋದನೋ ಎಂಬುದನ್ನು ಚಿತ್ರ ತಿಳಿಸುವುದಿಲ್ಲ. ವಾದ್ಯವನ್ನು ಬಿಡಲು ಬಂದು, ನುಡಿಸುತ್ತ ನುಡಿಸುತ್ತ ಮನಸ್ಸು ಬದಲಾಯಿಸಿದ ಅವನ ಶಿಷ್ಯೆ ಕಾನಿಯನ್ನು ಮತ್ತೊಮ್ಮೆ ತೋರಿಸಿದ್ದರೆ ನಮಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ಹಾಗಿದ್ದರೂ ಮೊದಲ ಎರಡು ಆಕ್ಷೇಪಣೆಗಳಿಗೆ ಆ ಕ್ಷೌರಿಕನೇ ಉತ್ತರವೆಂದು ನಮಗೆ ತೋರುತ್ತದೆ. ಅವನು ಸಾಹುಕಾರನಲ್ಲ, ಸೋಮಾರಿಯೂ ಅಲ್ಲ. ಬಯಸಿದ ಗುರಿ ಕೈತಪ್ಪಿದರೂ ಅವನ ಬದುಕು ಕೈತಪ್ಪಲಿಲ್ಲ. ಪಾಠಶಾಲೆಯಲ್ಲಿ ನಾವು ಪುರುಷಾರ್ಥಗಳು ನಾಲ್ಕೆಂದು ಬಾಯಿಪಾಠ ಮಾಡಿದ್ದೆವು; ಮಕ್ಕಳ ಮುಂದೆ ಮಾತ್ರ ಅರ್ಥವೊಂದನ್ನೇ ಎತ್ತಿ ಹಿಡಿಯುತ್ತ ಬಂದಿದ್ದೇವೆ. ಪರೀಕ್ಷೆಯ ಅಂಕಗಳಲ್ಲಿಯೂ ಹುದ್ದೆಯ ಹೆಸರಿನಲ್ಲಿಯೂ ಜೀವದ ಬೆಲೆಯನ್ನು ಕಟ್ಟುವ ಈ ಅಭ್ಯಾಸದಿಂದ ಎಷ್ಟು ಮನೆಗಳಲ್ಲಿ ಮಕ್ಕಳು ಮೂಕರಾಗಿದ್ದಾರೋ ಬಲ್ಲವರಾರು? ಗುರಿ ಬೇಡವೆಂದು ನಾವು ಹೇಳುವುದಿಲ್ಲ. ಬದುಕಿನಲ್ಲಿ ಆಸ್ಥೆಯುಳ್ಳವನಿಗೆ ಗುರಿ ಇಂದಲ್ಲದಿದ್ದರೆ ನಾಳೆ ದೊರಕೀತು. ಆಸ್ಥೆಯನ್ನೇ ಕಳೆದುಕೊಂಡವನಿಗೆ ದೊರಕಿಯೂ ಪ್ರಯೋಜನವಿಲ್ಲ.

ಚಿತ್ರ ಮುಗಿದ ಮೇಲೆ ಮಗನೊಡನೆ ಊಟಕ್ಕೆ ಕುಳಿತೆವು. ಎಂದಿನ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆವು. ಬದಲಾಗಿ, ಈ ದಿನ ಏನು ನೋಡಿದೆಯೆಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿ, ಬಳಿಕ ಹಿತ್ತಿಲಿನ ಅಳಿಲುಗಳ ಗೂಡಿನ ವಿಷಯವನ್ನು ಕಾಲು ಗಂಟೆ ಹೇಳಿದನು. ನಮ್ಮ ಹಿತ್ತಿಲಿನಲ್ಲಿ ಅಂಥದೊಂದು ಗೂಡಿದೆಯೆಂಬುದು ನಮಗೆ ತಿಳಿದಿರಲಿಲ್ಲ.